ಜರುಗದ ಬಿಂದು

ಗ್ರಾಫ್ ಹಾಳೆಯ ಮೇಲೆ ಮೂರು ಬಿಂದುಗಳಿದ್ದವು. ಒಂದೇ ಗೆರೆಯಲ್ಲಿ ಮೂರನ್ನೂ ಸೇರಿಸಿ ಕೆಲಸ ಮುಗಿಸಬೇಕೆಂದು ಸ್ಕೇಲು ಬಂದು ಮಲಗಿತು. ಎರಡು ಬಿಂದುಗಳು ಅದರ ಅಂಚಿಗೆ ಸಿಕ್ಕವು. ಮೂರನೆಯದು ಒಂದು ಮನೆ ಎಡಕ್ಕೆ ಉಳಿಯಿತು.

"ಏ ಮರಿ, ಒಂದು ಮನೆ ಬಲಕ್ಕೆ ಬಾ," ಎಂದಿತು ಸ್ಕೇಲು.

"ಬರುವುದಿಲ್ಲ ಸ್ವಾಮಿ. ಮೂಲಬಿಂದುವಿನಿಂದ ಎಡಕ್ಕೆ ಮೂರು ಮನೆ, ಮೇಲಕ್ಕೆ ನಾಲ್ಕು. ನಾನಿರುವುದು ಇಲ್ಲಿ."

"ಒಂದು ಮನೆ ತಾನೆ! ಯಾರು ಎಣಿಸುತ್ತಾರೆ?"

"ಆ ಮನೆಗೆ ಸೇರಿದ ಬಿಂದುವೇ ಬೇರೆ. ಅಲ್ಲಿಗೆ ಬಂದರೆ ನಾನು ನಾನಾಗಿರುವುದಿಲ್ಲ."

ಪಕ್ಕದಲ್ಲಿದ್ದ ರಬ್ಬರ್ ನಕ್ಕಿತು. "ಹಾಗಾದರೆ ನೀನು ಇರುವುದೇ ಬೇಡ."

"ಉಜ್ಜಿ ನೋಡಿ," ಎಂದಿತು ಬಿಂದು.

ರಬ್ಬರ್ ಕಾಗದ ಸವೆಯುವಷ್ಟು ಉಜ್ಜಿತು. ಬಿಂದು ಹೋಯಿತು. ಸ್ಕೇಲು ಸಂತೋಷದಿಂದ ಪೆನ್ಸಿಲನ್ನು ಕರೆಯಿತು.

ಪೆನ್ಸಿಲು ಹಾಳೆಯನ್ನು ನೋಡಿತು. "ಲೆಕ್ಕದಲ್ಲಿ ಕೇಳಿರುವುದು ತ್ರಿಭುಜ. ಇಲ್ಲಿ ಎರಡೇ ಮೂಲೆಗಳಿವೆಯಲ್ಲ?" ಎಂದು ಮೂಲಬಿಂದುವಿಗೆ ಹೋಗಿ, ಲೆಕ್ಕದಲ್ಲಿ ಕೊಟ್ಟಂತೆ ಮೊದಲು ಎಡಕ್ಕೆ ಮೂರು, ಆಮೇಲೆ ಮೇಲಕ್ಕೆ ನಾಲ್ಕು ಮನೆ ಎಣಿಸಿತು. ಸವೆದ ಕಾಗದದಲ್ಲಿ ಅದರ ಮೊನೆ ಆಳಕ್ಕೆ ಇಳಿಯಿತು. ಬಿಂದು ಮೊದಲಿಗಿಂತ ಕಪ್ಪಾಗಿ ಎದ್ದು ಕೂತಿತು.

"ಮತ್ತೆ ಅಲ್ಲೇ ಬಂದೆಯಾ?" ಎಂದು ರಬ್ಬರ್ ಗದರಿತು.

"ನೀವು ಉಜ್ಜಿದ್ದು ನನ್ನನ್ನು. ನನ್ನ ಜಾಗ ನಿಮ್ಮ ಕೈಗೆ ಸಿಗಲಿಲ್ಲ."

ಪೆನ್ಸಿಲು ಸ್ಕೇಲಿನ ಕಡೆ ತಿರುಗಿತು. "ಗೆರೆ ಎಳೆಯಬೇಕು. ನೀವೇ ಸ್ವಲ್ಪ ಎಡಕ್ಕೆ ಬನ್ನಿ."

ಸ್ಕೇಲು ಜರುಗಿತು.