ಮಡಿಗೆ ಹೊರಟ ಚೆಂಡುಹೂ

ಹೂ ಬೆಳೆಯುವ ನಿಂಗಾಜಮ್ಮ ದೀಪಾವಳಿಗೆಂದು ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ಹಾರ, ಮಾಗಿಯ ಚಳಿ ಬರುವಷ್ಟರಲ್ಲಿ ಒಣಗಿ ಗರಿಗರಿಯಾಗಿತ್ತು. ಮೂಲೆಯಲ್ಲಿದ್ದ ಪೊರಕೆ ಗದರಿತು: "ಒಣಗಿದ ಹೂ ಮಡಿಗೆ ಆಗುವುದಿಲ್ಲ. ಇಳಿದು ಬಾ, ತಿಪ್ಪೆಗೆ ಸೇರಿಸುತ್ತೇನೆ."

ಹಾರ ಹೇಳಿತು: "ಕಟ್ಟಿದವಳೇ ಬಿಚ್ಚಲಿ."

ಅಷ್ಟರಲ್ಲಿ ನಿಂಗಾಜಮ್ಮ ಬಂದಳು. ಹಾರ ಬಿಚ್ಚಿ, ಹೂಗಳನ್ನು ಮೊರದಲ್ಲಿ ತಿಕ್ಕಿ ಬೀಜ ಉದುರಿಸುತ್ತಾ ಸೊಸೆಯನ್ನು ಕೂಗಿದಳು: "ಮಡಿ ಸಿದ್ಧ ಆಯ್ತೇನೇ? ಈಗ ಬಿತ್ತಿದ್ರೆ ಯುಗಾದಿಗೆ ಹೂವು."

"ಆಯ್ತು ಅತ್ತೆ, ಮಣ್ಣು ಸಡಿಲ ಮಾಡಿ ನೀರು ಚಿಮುಕಿಸಿದ್ದೀನಿ."

ಮೊರದೊಳಗಿನ ಬೀಜಗಳು ನಕ್ಕವು: "ಪೊರಕೆಯಮ್ಮಾ, ನಾವು ಮಡಿಗೇ ಹೊರಟೆವು. ಯುಗಾದಿಗೆ ಬರುತ್ತೇವೆ, ಹೊಸ್ತಿಲು ಗುಡಿಸಿಟ್ಟಿರಿ."