ಹಲಗೆಗೆ ಅಂಟಿಸಿದ ಹಕ್ಕಿ

"ಗುರುಗಳೇ, ಅಪ್ಪ ನನಗೊಬ್ಬನಿಗೇ ಕಲಿಸಿದ ಹಾಡುಗಳಿವೆ. ಮಠದ ಮಕ್ಕಳಿಗೆಲ್ಲ ಹೇಳಿಕೊಡು ಎನ್ನುತ್ತೀರಿ. ಕಂಡಕಂಡವರ ಬಾಯಿಗೆ ಬಿದ್ದರೆ ಅವು ಕೆಟ್ಟುಹೋಗುವುದಿಲ್ಲವೇ?" ಎಂದು ಮುರಿಗೆಪ್ಪ ಕೇಳಿದ.

ಗುರುಗಳು ನಕ್ಕು, "ಕೂತುಕೋ ಮಾರಾಯ, ಅವಸರವೇನಿಲ್ಲ" ಎಂದು ಈ ಕತೆ ಹೇಳಿದರು.

ಜಪಾನ್ ದೇಶದಲ್ಲಿ ಒಬ್ಬ ಚಿತ್ರಗಾರನಿದ್ದ. ಹಕ್ಕಿ, ಹೂವು ಬಿಟ್ಟು ಬೇರೇನನ್ನೂ ಬರೆದವನಲ್ಲ. ಅಲ್ಲಿ ಚಿತ್ರಗಳನ್ನು ಮರದ ಅಚ್ಚಿನಿಂದ ಒತ್ತುವ ಪದ್ಧತಿ. ಚಿತ್ರಗಾರ ತೆಳು ಕಾಗದದ ಮೇಲೆ ಬರೆದುಕೊಡುತ್ತಾನೆ. ಕೆತ್ತುವವನು ಅದನ್ನು ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಗೆರೆಯಷ್ಟನ್ನು ಉಳಿಸಿ, ಮಿಕ್ಕದ್ದನ್ನು ಕಾಗದದ ಸಮೇತ ಕೆತ್ತಿ ತೆಗೆಯುತ್ತಾನೆ. ಅಚ್ಚು ಸಿದ್ಧವಾಗುವ ಹೊತ್ತಿಗೆ ಬರೆದ ಚಿತ್ರ ಚಕ್ಕೆಗಳ ಜೊತೆ ಕಸಕ್ಕೆ ಹೋಗಿರುತ್ತದೆ. ಅದು ವಾಪಸು ಬರುವ ಮಾತೇ ಇಲ್ಲ.

ಹೀಗೆ ಎಷ್ಟೋ ಚಿತ್ರ ಕೊಟ್ಟವನು ಒಂದನ್ನು ಮಾತ್ರ ಕೊಡಲಾರದೆ ಹೋದ. ಅದರಲ್ಲಿದ್ದದ್ದು ಹೂಬಿಟ್ಟ ಕೊಂಬೆಯ ಮೇಲೆ ಕೂತ ಒಂದು ಪುಟ್ಟ ಹಕ್ಕಿ. ತೀರಿಹೋದ ಹೆಂಡತಿ ಕಾಯಿಲೆಯ ದಿನಗಳಲ್ಲಿ ಮಲಗಿದಲ್ಲಿಂದಲೇ ಅದಕ್ಕೆ ಅಕ್ಕಿಕಾಳು ಎರಚುತ್ತಿದ್ದಳು. ಅವಳ ಪಕ್ಕದಲ್ಲೇ ಕೂತು ಬರೆದದ್ದು. ಆಮೇಲೆ ನಕಲು ಮಾಡಿ ನೋಡಿದ. ಹಕ್ಕಿಯೇನೋ ಬಂತು, ಅವಳು ನೋಡುತ್ತಿದ್ದ ಹಕ್ಕಿ ಬರಲಿಲ್ಲ. ಸರಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ತನ್ನ ಹಕ್ಕಿಗೆ ಇನ್ನು ಯಾರ ಭಯವೂ ಇಲ್ಲವೆಂದುಕೊಂಡ, ಪಾಪ.

ಮಳೆಗಾಲ ಕಳೆದ ಮೇಲೆ ಪೆಟ್ಟಿಗೆ ತೆರೆದು ನೋಡಿದ. ಹುಳ ಹೂವನ್ನೆಲ್ಲ ತಿಂದು ಹಕ್ಕಿಯ ಬಾಲದ ಹತ್ತಿರಕ್ಕೆ ಬಂದಿತ್ತು! ಅಯ್ಯೋ ಎಂದು ಬಿದ್ದು ಎದ್ದು ಕೆತ್ತುವವನ ಮನೆಗೆ ಓಡಿದ.

"ಹೂವನ್ನು ಮತ್ತೆ ಬರೆದೇನು. ಹಕ್ಕಿಯನ್ನು ಬರೆಯಲಾರೆ. ಹೇಗಾದರೂ ಉಳಿಸಿಕೊಡಪ್ಪ."

"ಉಳಿಸಬೇಕೆಂದರೆ ಇದರ ಮೇಲೆ ಉಳಿ ಆಡಿಸಲೇಬೇಕು ಸ್ವಾಮಿ. ಆಡಿಸಲೇ?"

ಚಿತ್ರಗಾರ ಹೂಂ ಎಂದು ತಲೆಯಾಡಿಸಿದ. ಹೂವನ್ನು ಹೊಸದಾಗಿ ಬರೆದುಕೊಟ್ಟು ಹೊರಗೆ ಜಗಲಿಯ ಮೇಲೆ ಕೂತ. ಒಳಗೆ ಉಳಿಯ ಸದ್ದು ಕೇಳಿದಾಗಲೆಲ್ಲ, ಅವಳು ಇನ್ನೊಮ್ಮೆ ಸಾಯುತ್ತಿದ್ದಾಳೆನಿಸಿ ಅತ್ತುಬಿಟ್ಟ.

ಕೊನೆಗೆ ಅಚ್ಚಿಗೆ ಮಸಿ ಹಚ್ಚಿ, ಒದ್ದೆ ಕಾಗದ ಹಾಸಿ ಉಜ್ಜಿ ಎತ್ತಿದರು. ಅವನು ಹೆದರುತ್ತಲೇ ಬಗ್ಗಿ ನೋಡಿದ. ಹಕ್ಕಿ ಇತ್ತು! ಅದೇ ಓರೆಗತ್ತು, ಕಾಳಿಗೆ ಕಾದ ಅದೇ ನೋಟ. ಹೋದ ಜೀವ ಬಂದಂತಾಯಿತು. "ಇನ್ನೊಂದು ಒತ್ತಿ" ಎಂದ. ಅದರಲ್ಲೂ ಬಂತು. ಅತ್ತ ಕಣ್ಣಲ್ಲೇ ನಗುತ್ತ ಮತ್ತೊಂದು, ಮತ್ತೊಂದು ಎಂದು ಒತ್ತಿಸಿದ. ಆ ವರ್ಷ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಅವಳ ಹಕ್ಕಿ ಕೂತಿತ್ತು. ಅವನು ಬೀದಿಯಲ್ಲಿ ಹೋಗುತ್ತ ತೆರೆದ ಬಾಗಿಲುಗಳಲ್ಲಿ ಅದನ್ನು ಕಂಡು ಹಗುರಾಗಿ ನಡೆಯುತ್ತಿದ್ದ.

ಮುರಿಗೆಪ್ಪನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಏನೇ ಆಗಲಿ ಗುರುಗಳೇ, ಕೊಟ್ಟದ್ದರಿಂದ ಅವನ ಕೈಯಾರೆ ಬರೆದದ್ದು ಹಾಳಾಯಿತಲ್ಲ?"

"ಅಲ್ಲಯ್ಯಾ, ಅದಕ್ಕೆ ಹುಳ ಹತ್ತಿದ್ದು ಕೊಟ್ಟ ಮೇಲೋ, ಇಟ್ಟುಕೊಂಡಾಗಲೋ?" ಎಂದರು ಗುರುಗಳು.

ಮುರಿಗೆಪ್ಪ ಎದ್ದು ಮಠದ ಮಕ್ಕಳನ್ನು ಕರೆಯಲು ಹೋದ.