ಈ ವಾರ ಬಿಚ್ಚಿದ ಎಲೆ

“ಗುರುಗಳೇ, ಹನ್ನೆರಡು ವರ್ಷದಿಂದ ದಿನವೂ ಪೂಜೆಗೆ ಕೂತಿದ್ದೇನೆ. ಹೊಟ್ಟೆಕಿಚ್ಚು ಬರುವುದು ಮಾತ್ರ ನಿಂತಿಲ್ಲ. ಇನ್ನೂ ದಿನಾ ಕೂರಬೇಕೇ?” ಎಂದು ಶಿಷ್ಯ ಮುರಿಗೆಯ್ಯ ಕೇಳಿದ. ಅಂದು ಬೆಳಿಗ್ಗೆ ಅವನು ಕೂತಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ರೈತ ಹೆಂಗಸು ಬೀಜಕ್ಕೆಂದೇ ಮೆಣಸಿನಗಿಡ ಬೆಳೆಸುತ್ತಿದ್ದಳು. ಊರಿನ ಹೆಂಗಸರೆಲ್ಲ ಉಡಿಯೊಡ್ಡಿ ಅವಳ ಮನೆಯಿಂದಲೇ ಬೀಜ ಒಯ್ಯುವುದು ರೂಢಿ. ಅವಳ ಹೊಲ ಕೆಟ್ಟರೆ ಮುಂದಿನ ವರ್ಷ ಊರಿಗೇ ಮೆಣಸಿನಕಾಯಿ ಇಲ್ಲ.

ಮೆಣಸಿನಗಿಡಕ್ಕೆ ನಂಜು ರೋಗ ತರುವುದು ಎಲೆಯ ರಸ ಹೀರುವ ಗಿಡಹೇನು. ರೋಗದ ಗಿಡ ಚುಚ್ಚಿ, ಅದೇ ಬಾಯಿಂದ ಒಳ್ಳೆಯ ಗಿಡ ಚುಚ್ಚುತ್ತದೆ. ಒಮ್ಮೆ ಹಿಡಿದರೆ ಮದ್ದಿಲ್ಲ. ಸೋಮವಾರ ಎತ್ತು ಹೂಡುವಂತಿಲ್ಲವಲ್ಲ, ಆ ದಿನವನ್ನೇ ಅವಳು ಇದಕ್ಕಿಟ್ಟಿದ್ದಳು. ಸೋಪಿನ ನೀರಿಗೆ ಒಂದಿಷ್ಟು ಎಣ್ಣೆ ಕದಡಿ, ಬಿಸಿಲೇರುವ ಮೊದಲು ಎಲೆಯ ಮೇಲೂ ಕೆಳಗೂ ಸಿಂಪಡಿಸುವಳು.

ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ಹೇಳಿದ: “ಎಣ್ಣೆ ಹಚ್ಚಿದ್ದಾಯಿತು, ಇನ್ನು ಜಡೆಯನ್ನೂ ಹೆಣೆದುಬಿಡು ಅಕ್ಕಾ. ಹೇನು ಒಂದೂ ಸತ್ತಿಲ್ಲ.”

“ಸಾಯಲಿ ಅಂತ ಹಾಕಲಿಲ್ಲಪ್ಪ. ಅದರ ಬಾಯಿಯ ನಂಜು ಎಲೆಗೆ ಹತ್ತದಿದ್ದರೆ ಸಾಕು.”

ಅವನು ತನ್ನ ಹೊಲಕ್ಕೆ ಕಡು ವಿಷ ಹೊಡೆದ. ಹೇನು ಸತ್ತವು. ಸಾಯುವ ಮುಂಚೆ ಗಾಬರಿಬಿದ್ದು ಒಂದೊಂದೂ ಹತ್ತು ಗಿಡ ಚುಚ್ಚಿದವು. ಅವನ ಹೊಲ ಹಳದಿಯಾಯಿತು.

ಒಂದು ಸೋಮವಾರ ಅವಳ ಅಣ್ಣನ ಮಗಳ ಮದುವೆ ಬಂತು. ಹೊರಡುವಾಗ ಹೊಲ ನೋಡಿದಳು. ಹೋದ ಸೋಮವಾರದ ಎಣ್ಣೆಗೆ ಎಲೆಗಳು ಇನ್ನೂ ಮಿನುಗುತ್ತಿದ್ದವು. ಈ ವಾರಕ್ಕೆ ಇಷ್ಟು ಸಾಕು ಅಂದುಕೊಂಡು ಹೋದಳು.

ಕೆಲವು ದಿನ ಕಳೆದ ಮೇಲೆ ಮೂವತ್ತು ಗಿಡಗಳ ಕುಡಿಯಲ್ಲಿ ಹಳದಿ ಮಚ್ಚೆ ಕಂಡಿತು. ಹಳೆಯ ಎಲೆಗಳ ಮೇಲೆ ಎಣ್ಣೆ ಇತ್ತು. ಆ ವಾರ ಹೊಸದಾಗಿ ಬಿಚ್ಚಿದ ಎಲೆಗಳ ಮೇಲೆ ಇರಲಿಲ್ಲ. ಹೇನು ಕೂತದ್ದು ಅಲ್ಲಿ.

ಅವಳು ಹೇನನ್ನು ಬೈಯಲಿಲ್ಲ, ಎಣ್ಣೆಯನ್ನೂ ಬೈಯಲಿಲ್ಲ. ಹೂವು ತುಂಬಿದ್ದ ಆ ಮೂವತ್ತನ್ನೂ ತನ್ನ ಕೈಯಾರೆ ಕಿತ್ತು ಸುಟ್ಟಳು. ಕಾಯಿ ಕೆಂಪಾಗುವವರೆಗೆ ಮತ್ತೊಂದು ಸೋಮವಾರ ತಪ್ಪಿಸಲಿಲ್ಲ. ಉಳಿದ ಹೊಲ ಉಳಿಯಿತು. ಬೀಜ ಕೊಡುವ ದಿನ ಹೆಂಗಸರ ಹಿಂದೆ ಪಕ್ಕದ ಹೊಲದವನೂ ಟವೆಲ್ ಒಡ್ಡಿ ನಿಂತಿದ್ದ. ಅವಳು ಅವನನ್ನು ಕರೆದು ಮೊದಲು ಅವನಿಗೇ ಹಾಕಿದಳು.

ಗುರುಗಳು ಮಾತು ನಿಲ್ಲಿಸಿದರು.

“ಅಷ್ಟು ಮಾಡಿದವಳು, ಪಾಪ. ತಪ್ಪಿದ್ದು ಒಂದೇ ಸೋಮವಾರ ಅಲ್ಲವೇ ಗುರುಗಳೇ?” ಎಂದ ಮುರಿಗೆಯ್ಯ.

ಗುರುಗಳು ಅವನ ಮುಖ ನೋಡಿ ಕೇಳಿದರು: “ನಿನ್ನೊಳಗೆ ಈ ಬೆಳಿಗ್ಗೆ ಬಿಚ್ಚಿದ ಎಲೆಗೆ ಎಣ್ಣೆ ಸೋಕಿದೆಯೇನಪ್ಪ?”